ಸಂಶೋಧನಾ ಲೇಖನ ತಿದ್ದುವುದು ಹೇಗೆ?

1953ರ ಏಪ್ರಿಲ್ 25ರಂದು 'ನೇಚರ್' ಪತ್ರಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆಯ ಬಗ್ಗೆ ಬರೆದರು. ಆ ಲೇಖನ ಒಂದು ಪುಟಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಡಿಎನ್‌ಎಗೆ ಒಂದು ರಚನೆ ಸೂಚಿಸುತ್ತಿದ್ದೇವೆ ಎಂದು ಮೊದಲ ವಾಕ್ಯದಲ್ಲೇ ಹೇಳಿಬಿಟ್ಟರು. ನಮ್ಮ ಎಷ್ಟೋ ಪ್ರಬಂಧಗಳಲ್ಲಿ ಆ ಮಾತು ಸಿಗಲು ಹತ್ತಾರು ಪುಟ ತಿರುವಬೇಕು.

ಹಾಗಾಗಿ ಭಾಷೆ ತಿದ್ದುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಏನು ಕೇಳಿಕೊಂಡಿರಿ, ಏನು ಗೊತ್ತಾಯಿತು ಎಂದು ಎರಡೇ ವಾಕ್ಯದಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ತೊಂದರೆ ಇರುವುದು ಭಾಷೆಯಲ್ಲಲ್ಲ. ಮತ್ತೆ ದತ್ತಾಂಶದ ಮುಂದೆ ಕೂರಬೇಕು.

ಬರೆಯುವಾಗ ವಿಧಾನ ಮತ್ತು ಫಲಿತಾಂಶದಿಂದ ಶುರುಮಾಡಿ. ಪೀಠಿಕೆ ಆಮೇಲೆ, ಸಾರಾಂಶ ಎಲ್ಲಕ್ಕಿಂತ ಕೊನೆಗೆ. ಮಂಡ್ಯದಲ್ಲಿ ನೀವು ಮಾಡಿದ ಪ್ರಯೋಗವನ್ನು ಧಾರವಾಡದ ಇನ್ನೊಬ್ಬರು ನಿಮ್ಮನ್ನು ಕೇಳದೆ ಮಾಡುವಂತಿರಬೇಕು. ವಿಧಾನದ ಭಾಗಕ್ಕೆ ಇದೇ ಅಳತೆಗೋಲು.

ಈಗ ವಾಕ್ಯಗಳು. ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ. ಇಂಥದೊಂದು ವಾಕ್ಯ ನೋಡಿ: 'ಬಿತ್ತನೆ ಅಂತರದ ಮಾರ್ಪಾಡಿನಿಂದಾಗಿ ರಾಗಿ ಇಳುವರಿಯಲ್ಲಿ ಗಣನೀಯ ಪ್ರಮಾಣದ ವೃದ್ಧಿ ಉಂಟಾಗಿರುವುದನ್ನು ಗಮನಿಸಲಾಗಿದೆ.' ಅಂತರ ಹೆಚ್ಚಿಸಿದರೋ ಕಡಿಮೆ ಮಾಡಿದರೋ? ಇಳುವರಿ ಎಷ್ಟು ಏರಿತು? ಒಂದೂ ತಿಳಿಯುವುದಿಲ್ಲ, ಅಲ್ವಾ? ಹೀಗೆ ಬರೆಯಿರಿ: 'ಸಾಲುಗಳ ಅಂತರವನ್ನು 22.5 ಸೆಂ.ಮೀ.ನಿಂದ 30 ಸೆಂ.ಮೀ.ಗೆ ಹೆಚ್ಚಿಸಿದೆವು. ಇಳುವರಿ ಹೆಕ್ಟೇರಿಗೆ 28 ಕ್ವಿಂಟಲ್‌ನಿಂದ 32 ಕ್ವಿಂಟಲ್‌ಗೆ ಏರಿತು.' ಅಂಕಿಗಳು ಸುಮ್ನೆ ಉದಾಹರಣೆಗೆ. ಆದರೆ ಎರಡನೆಯದನ್ನು ಓದಿದವರು ಅದನ್ನು ಪರೀಕ್ಷಿಸಬಹುದು, ಬೇಕಿದ್ದರೆ ತಪ್ಪು ಎಂದು ತೋರಿಸಲೂಬಹುದು. ವಿಜ್ಞಾನಕ್ಕೆ ಬೇಕಾಗಿರುವುದು ಅದೇ. 'ಹೆಚ್ಚಿಸಿದೆವು' ಎಂದರೆ ಗತ್ತು ಕಡಿಮೆಯಾಗುತ್ತದೆ ಎಂಬ ಅಂಜಿಕೆ ಬಿಡಿ. ಇಂಗ್ಲಿಷ್ ಪತ್ರಿಕೆಗಳಲ್ಲೂ 'ನಾವು' ಎಂದು ಬರೆಯುವುದು ಈಗ ಮಾಮೂಲು.

ಒಂದು ವಸ್ತುವಿಗೆ ಒಂದೇ ಹೆಸರು ಇರಲಿ. ಒಮ್ಮೆ 'ತಾಕು', ಒಮ್ಮೆ 'ಪ್ಲಾಟು', ಇನ್ನೊಮ್ಮೆ 'ಕ್ಷೇತ್ರ' ಎಂದರೆ ಓದುವವರು ಮೂರು ಬೇರೆ ಜಾಗ ಎಂದುಕೊಳ್ಳುತ್ತಾರೆ. ಪದ ಮರುಕಳಿಸಬಾರದೆಂದು ಶಾಲೆಯ ಪ್ರಬಂಧಕ್ಕೆ ಕಲಿತ ಪಾಠ ಇಲ್ಲಿ ಬೇಡ.

ತೀರ್ಮಾನ ಹೇಳುವಾಗ ಎಚ್ಚರ ಇರಲಿ. ಎರಡು ಸಂಗತಿ ಜೊತೆಜೊತೆಗೆ ಏರಿದ್ದನ್ನಷ್ಟೇ ನೋಡಿದ್ದರೆ 'ಇದರಿಂದ ಅದಾಯಿತು' ಎನ್ನಬೇಡಿ. ಆ ವರ್ಷ ಮಳೆಯೇ ಚೆನ್ನಾಗಿ ಆಗಿದ್ದಿರಬಹುದು. ಎಷ್ಟು ತಾಕು, ಎಷ್ಟು ಹಂಗಾಮು, ಫಲಿತಾಂಶ ಎಷ್ಟು ಆಚೀಚೆ ಆಗಬಹುದು ಎಂಬುದನ್ನೂ ಪಕ್ಕದಲ್ಲೇ ಕೊಡಿ.

ಕರಡನ್ನು ಒಂದೆರಡು ದಿನ ಪಕ್ಕಕ್ಕಿಡಿ. ಆಮೇಲೆ ಜೋರಾಗಿ ಓದಿ; ಉಸಿರು ಸಾಲದ ಕಡೆ ವಾಕ್ಯ ಮುರಿಯಿರಿ. ಬೇರೆ ವಿಭಾಗದ ಗೆಳೆಯರಿಗೆ ಓದಲು ಕೊಟ್ಟು, ಏನು ಅರ್ಥವಾಯಿತು ಎಂದು ಅವರಿಂದಲೇ ಹೇಳಿಸಿ. ಅವರು ಎಡವಿದ ಕಡೆ ಗುರುತು ಹಾಕಿಕೊಳ್ಳಿ, ನಡುವೆ ಬಾಯಿ ಹಾಕಿ ವಿವರಿಸಬೇಡಿ.

ಕಳಿಸುವ ಮುನ್ನ ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿ. ಸಾರಾಂಶದಲ್ಲಿ 32, ಕೋಷ್ಟಕದಲ್ಲಿ 31.6 ಎಂದಿದ್ದರೆ ಎರಡನ್ನೂ ಒಂದೇ ಮಾಡಿ.