ಮಾರ್ಮಲೇಡ್ ಮಾಡುವಾಗ ಒಲೆ ಆರಿಸುವುದು ಯಾವಾಗ?

ನಮ್ಮ ವೈನಿ (ಅತ್ತಿಗೆ) ಕಳೆದ ಚಳಿಗಾಲದಲ್ಲಿ ಮೊದಲ ಸಲ ಕಿತ್ತಳೆಯ ಮಾರ್ಮಲೇಡ್, ಅಂದರೆ ಸಿಪ್ಪೆ ಸಮೇತದ ಜಾಮ್, ಮಾಡಿದರು. ಮಧ್ಯಾಹ್ನ ಫೋನ್ ಮಾಡಿ, "ಇನ್ನೂ ನೀರ ನೀರ ಐತಿ, ಗಟ್ಟಿನ ಆಗವಲ್ದು" ಅಂದರು. ನಾನು ಹುಬ್ಬಳ್ಳಿಯ ಕೇಶ್ವಾಪುರದ ಅವರ ಮನೆ ಮುಟ್ಟುವಷ್ಟರಲ್ಲಿ ಪಾತ್ರೆಯಲ್ಲಿ ಸೌಟು ಅಂಟಿ ಕೂತಿತ್ತು. ಬಣ್ಣ ಕಂದಾಗಿತ್ತು, ಕಚ್ಚಿದರೆ ಚಿಕ್ಕಿ. ನಾನು ನೋಡಿದ ನಾಲ್ಕು ಮನೆಗಳಲ್ಲೂ ಆದದ್ದು ಇದೇ ತಪ್ಪು. ಒಲೆ ಮೇಲಿರುವಾಗಲೇ ಜಾಮ್‌ನಷ್ಟು ಗಟ್ಟಿ ಕಾಣಲಿ ಅಂತ ಕಾಯುತ್ತಾರೆ.

ಬೇಕಾದದ್ದು ಮುಕ್ಕಾಲು ಕಿಲೋ ನಾಗಪುರ ಕಿತ್ತಳೆ, 4 ಲಿಂಬೆಹಣ್ಣು, ಒಂದೂವರೆ ಲೀಟರ್ ನೀರು, 1 ಕಿಲೋ ಸಕ್ಕರೆ. ಚಳಿಗಾಲದಲ್ಲಿ ಹುಬ್ಬಳ್ಳಿಯ ದುರ್ಗದಬೈಲು ಪೇಟೆಯ ಗಾಡಿಗಳಲ್ಲಿ ಒಳ್ಳೆಯ ಹಣ್ಣು ಸಿಗುತ್ತದೆ. ಮೇಣ ಹಚ್ಚಿದ, ಕನ್ನಡಿಯಂತೆ ಹೊಳೆಯುವ ಹಣ್ಣು ತರಬೇಡಿ, ನಾವು ತಿನ್ನುವುದೇ ಸಿಪ್ಪೆಯನ್ನು ಅಲ್ವಾ? ಇಂಗ್ಲೆಂಡಿನವರು ಇದಕ್ಕೆ ಸ್ಪೇನ್ ದೇಶದ ಹುಳಿ-ಕಹಿ ಸೆವಿಲ್ ಕಿತ್ತಳೆ ಬಳಸುತ್ತಾರೆ. ನಮ್ಮದು ಸಿಹಿ ಹಣ್ಣು, ಹುಳಿ ಸಾಲದು. ಅದಕ್ಕೇ ಲಿಂಬೆ ಬಿಡುವಂತಿಲ್ಲ.

ಹಣ್ಣು ತೊಳೆದು ರಸ ಹಿಂಡಿಡಿ. ಕಿತ್ತಳೆ ಸಿಪ್ಪೆಯನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿ. ಬೀಜ, ನಾರು, ಹಿಂಡಿದ ಲಿಂಬೆಯ ಹೋಳು ಯಾವುದನ್ನೂ ಚೆಲ್ಲಬೇಡಿ. ಹಳೇ ಧೋತರದ ತುಂಡಿನಲ್ಲಿ ಗಂಟು ಕಟ್ಟಿ, ಸಿಪ್ಪೆ, ರಸ, ನೀರಿನ ಜೊತೆ ರಾತ್ರಿಯಿಡೀ ನೆನೆಸಿ. ಮಾರ್ಮಲೇಡ್ ಬಿಗಿಯಾಗಿಸುವ ಪೆಕ್ಟಿನ್ ಜಾಸ್ತಿ ಇರುವುದು ಈ ಗಂಟಿನಲ್ಲೇ. ಪಾತ್ರೆ ಅಗಲವಾದ, ದಪ್ಪ ತಳದ ಸ್ಟೀಲಿನದೇ ಇರಲಿ. ಹುಳಿಗೆ ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಎರಡೂ ಆಗದು.

ಮರುದಿನ ಸಣ್ಣ ಉರಿಯಲ್ಲಿ ಬೇಯಿಸಿ. ಸಿಪ್ಪೆಯ ಒಂದು ಎಳೆ ತೆಗೆದು ಎರಡು ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ನುಣ್ಣಗಾಗಬೇಕು, ಒಂದೂವರೆ ತಾಸಾದರೂ ಬೇಕು. ಅಲ್ಲಿತನಕ ಸಕ್ಕರೆ ಮುಟ್ಟಬೇಡಿ. ಸಕ್ಕರೆ ಬಿದ್ದ ಮೇಲೆ ಸಿಪ್ಪೆ ಮೆತ್ತಗಾಗುವುದಿಲ್ಲ, ಎಷ್ಟು ಕುದಿಸಿದರೂ ಚರ್ಮದ ಹಾಗೆ ಜಗಿಯಬೇಕಾಗುತ್ತದೆ. ಅವಸರ ಇದ್ದರೆ ಕುಕ್ಕರಿನಲ್ಲಿ ಬೇಯಿಸಿ, ಈ ಒಂದು ಅಡ್ಡದಾರಿಗೆ ನನ್ನ ಒಪ್ಪಿಗೆ ಇದೆ. ಚೈನಾ ಗ್ರಾಸ್ ಹಾಕಿ ಬಿಗಿ ಮಾಡುವುದಕ್ಕೆ ಖಂಡಿತ ಇಲ್ಲ, ಅದು ಮಾರ್ಮಲೇಡ್ ಅಲ್ಲ, ಹಲ್ವಾ.

ಗಂಟು ಆರಿದ ಮೇಲೆ ಪಾತ್ರೆಯ ಮೇಲೆಯೇ ಹಿಡಿದು ಗಟ್ಟಿಯಾಗಿ ಹಿಂಡಿ. ಬಟ್ಟೆಯಿಂದ ಲೋಳೆಯಂಥ ಮಂದ ರಸ ಇಳಿಯುತ್ತದೆ. ಅದೇ ಪೆಕ್ಟಿನ್, ಕೊನೆಯ ಹನಿಯೂ ಬೇಕು. ಈಗ ಸಕ್ಕರೆ ಹಾಕಿ, ಪೂರ್ತಿ ಕರಗಿದ ಮೇಲೆಯೇ ಉರಿ ಜೋರು ಮಾಡಿ.

ಇನ್ನು ಪಾತ್ರೆ ಬಿಟ್ಟು ಕದಲಬೇಡಿ. ಮೊದಲು ಬಿಳಿ ನೊರೆ ಉಕ್ಕುತ್ತದೆ. ಆಮೇಲೆ ನೊರೆ ಇಳಿದು, ಗುಳ್ಳೆಗಳು ದೊಡ್ಡವಾಗಿ, ಭಾರವಾಗಿ ಲೊಟಕ್ ಲೊಟಕ್ ಅಂತ ಒಡೆಯತೊಡಗುತ್ತವೆ. ಆಗ ಉರಿ ಆರಿಸಿ, ಮೊದಲೇ ಫ್ರೀಜರಿನಲ್ಲಿಟ್ಟ ಸ್ಟೀಲ್ ತಟ್ಟೆಗೆ ಒಂದು ಚಮಚ ಹಾಕಿ ಎರಡು ನಿಮಿಷ ಬಿಟ್ಟು ಬೆರಳಿಂದ ಮೆಲ್ಲಗೆ ತಳ್ಳಿ. ಹಾಲಿನ ಕೆನೆಯಂತೆ ಮೇಲೆ ಸುಕ್ಕು ಬಿದ್ದರೆ ಮುಗಿಯಿತು. ಬೀಳದಿದ್ದರೆ ಐದು ನಿಮಿಷ ಕುದಿಸಿ ಮತ್ತೆ ನೋಡಿ. ಪಾತ್ರೆಯಲ್ಲಿ ಇನ್ನೂ ತೆಳುವೇ ಕಾಣುತ್ತದೆ, ಹೆದರಬೇಡಿ. ಲಾಡುವಿಗೆ ನೋಡುವ ಎಳೆ ಪಾಕ ಇಲ್ಲಿ ನಡೆಯದು, ಪೆಕ್ಟಿನ್ ಬಿಗಿಯುವುದು ತಣ್ಣಗಾದ ಮೇಲೆಯೇ.

ಥರ್ಮಾಮೀಟರ್ ಇದ್ದವರಿಗೆ ಒಂದು ಮಾತು. ಪುಸ್ತಕಗಳಲ್ಲಿ ಬರೆದಿರುವ 105 ಡಿಗ್ರಿ ಸಮುದ್ರಮಟ್ಟದ ಲೆಕ್ಕ. ಹುಬ್ಬಳ್ಳಿ-ಧಾರವಾಡ ಸುಮಾರು 700 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 98ರ ಆಸುಪಾಸಿನಲ್ಲಿ. ಹಾಗಾಗಿ 102-103ಕ್ಕೆ ಬಂದಾಗಲೇ ತಟ್ಟೆ ಪರೀಕ್ಷೆ ಮಾಡಿ. 105 ಬರಲಿ ಅಂತ ಕಾದರೆ ಹೊತ್ತು ಮೀರಿರುತ್ತದೆ.

ಆರಿಸಿದ ಮೇಲೆ ಹತ್ತು-ಹದಿನೈದು ನಿಮಿಷ ಹಾಗೇ ಬಿಡಿ, ಇಲ್ಲವಾದರೆ ಸಿಪ್ಪೆಯೆಲ್ಲ ಬಾಟಲಿಯಲ್ಲಿ ಮೇಲೆ ತೇಲುತ್ತದೆ. ನೀರಲ್ಲಿ ಕುದಿಸಿ ಒಣಗಿಸಿದ, ಇನ್ನೂ ಬಿಸಿ ಇರುವ ಗಾಜಿನ ಬಾಟಲಿಗೆ ತುಂಬಿ ಮುಚ್ಚಿ. ಒಂದು ದಿನ ಅಲುಗಾಡಿಸಬೇಡಿ. ಮರುದಿನವೂ ನೀರಾಗಿಯೇ ಇದ್ದರೆ ಅರ್ಧ ಲಿಂಬೆಹಣ್ಣಿನ ರಸ ಹಿಂಡಿ ಮತ್ತೆ ಕುದಿಸಿ, ಸರಿಹೋಗುತ್ತದೆ. ಚಿಕ್ಕಿಯಾದದ್ದನ್ನು ಮಾತ್ರ ಹಿಂದಕ್ಕೆ ತರಲಾಗದು, ಹಾಗಾಗಿ ಅನುಮಾನ ಬಂದರೆ ಸ್ವಲ್ಪ ಬೇಗ ಇಳಿಸುವುದೇ ಮೇಲು.