ಬಣ್ಣ ಬೀಳದ ಸಾಲುಗಳು

ನನ್ನ ಕಾದಂಬರಿಯ ಏಳನೇ ಅಧ್ಯಾಯವನ್ನು ಮೂರನೇ ಸಲ ಬರೆಯಲು ಕುಳಿತಾಗ ಕಥೆಯನ್ನು ಗೌರಿಯ ಬಾಯಿಗೆ ಕೊಟ್ಟೆ. ಅಲ್ಲಿಯವರೆಗೆ ಅದು ‘ಅವಳು’ ಎಂದು ನಡೆದಿತ್ತು, ಈಗ ‘ನಾನು’ ಆಗಬೇಕಿತ್ತು. ಗೌರಿಗೆ ಒಂಬತ್ತು ವರ್ಷ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದು ಶರಾವತಿಯ ನೀರು ಹಿಂದಕ್ಕೆ ಏರತೊಡಗಿದಾಗ, ಅಡಿಕೆ ತೋಟವನ್ನೂ ಮನೆಯನ್ನೂ ಬಿಟ್ಟು ಹೊರಟ ಕುಟುಂಬವೊಂದರ ಮಗಳು. ಮುಳುಗಡೆಯನ್ನು ದೊಡ್ಡವರ ಕಣ್ಣಿನಿಂದ ಎರಡು ಸಲ ಬರೆದಿದ್ದೆ. ಎರಡು ಸಲವೂ ಅದು ಪರಿಹಾರದ ಅರ್ಜಿಯ ಹಾಗೆ ಓದಿಸಿಕೊಳ್ಳುತ್ತಿತ್ತು.

ಎಂಟು ದಿನ ಕುಳಿತು ತಿದ್ದಿ ಮುಗಿಸಿ, ಹಳೆಯ ಕರಡಿನ ಜೊತೆ ಹೋಲಿಸಿ ನೋಡೋಣವೆಂದು, ಬದಲಾದ ಪದಗಳನ್ನು ಬಣ್ಣದಲ್ಲಿ ತೋರಿಸುವ ಗುಂಡಿಯನ್ನು ಕಂಪ್ಯೂಟರಿನಲ್ಲಿ ಒತ್ತಿದೆ. ಪುಟಕ್ಕೆ ಪುಟವೇ ಬಣ್ಣವಾಗಿ ನಿಂತಿತು. ಕನ್ನಡದಲ್ಲಿ ಇದು ಆಗಲೇಬೇಕು. ‘ಅವಳು ನೋಡಿದಳು’ ಎಂಬುದು ‘ನಾನು ನೋಡಿದೆ’ ಎಂದಾದರೆ ಸರ್ವನಾಮವೊಂದೇ ಅಲ್ಲ, ಕ್ರಿಯಾಪದದ ಬಾಲವೂ ಬದಲಾಗುತ್ತದೆ. ‘ಅವಳಿಗೆ’, ‘ಅವಳ’, ‘ತನ್ನ’ ಎಲ್ಲವೂ ಬದಲಾಗುತ್ತವೆ. ಹೀಗೆ ಬದಲಾಗಲೇಬೇಕಾದ ಪದಗಳ ರಾಶಿಯ ಅಡಿಯಲ್ಲಿ, ನಾನು ಯೋಚಿಸಿ ಬದಲಿಸಿದ ನಲವತ್ತೋ ಐವತ್ತೋ ಜಾಗಗಳು ಹೂತುಹೋಗಿದ್ದವು. ಯಾವುದು ವ್ಯಾಕರಣದ ಕೆಲಸ, ಯಾವುದು ಕಥೆಯ ಕೆಲಸ ಎಂದು ಬೇರ್ಪಡಿಸಲು ಆಗಲಿಲ್ಲ.

ಆ ಸಂಜೆ ಮಾಡಿಕೊಂಡ ನಿಯಮವನ್ನು ಇಂದಿಗೂ ಮುರಿದಿಲ್ಲ. ಯಾಂತ್ರಿಕವಾದ ತಿದ್ದುಪಡಿಯನ್ನೂ ಮನಸ್ಸಿನಿಂದ ಬಂದ ತಿದ್ದುಪಡಿಯನ್ನೂ ಒಂದೇ ಆವೃತ್ತಿಯಲ್ಲಿ ಬೆರೆಸುವುದಿಲ್ಲ. ಏಳನೇ ಅಧ್ಯಾಯದ ಹಳೆಯ ಪ್ರತಿಯನ್ನು ಮತ್ತೆ ತೆರೆದೆ. ಮೊದಲು ‘ಅವಳು’ವನ್ನು ‘ನಾನು’ ಮಾಡುವುದಷ್ಟೇ ಕೆಲಸ. ಒಂದು ವಿಶೇಷಣವನ್ನೂ ಮುಟ್ಟಲಿಲ್ಲ, ಕಣ್ಣಿಗೆ ಕುಕ್ಕುತ್ತಿದ್ದ ವಾಕ್ಯಗಳನ್ನೂ ಹಾಗೆಯೇ ಬಿಟ್ಟೆ. ಒಂದೂವರೆ ದಿನ ಹಿಡಿಯಿತು. ಅದನ್ನು ಒಂದು ಆವೃತ್ತಿಯಾಗಿ ಉಳಿಸಿದೆ. ಎಂಟು ದಿನದ ನಿಜವಾದ ತಿದ್ದುಪಡಿಗಳನ್ನು ಅದರ ಮೇಲೆ ಕೂರಿಸಿದೆ. ಈಗ ಹೋಲಿಸಿದರೆ ಪುಟದಲ್ಲಿ ನಾಲ್ಕೈದು ಕಡೆ ಮಾತ್ರ ಬಣ್ಣ ಕಂಡಿತು.

ನಾನು ಬಳಸುವುದು ಲಿಬ್ರೆಆಫೀಸ್ ರೈಟರ್ ಎಂಬ ಬರವಣಿಗೆಯ ತಂತ್ರಾಂಶ. ಅಧ್ಯಾಯಕ್ಕೊಂದು ಫೈಲ್ ಇಡುತ್ತೇನೆ, ಇಡೀ ಕಾದಂಬರಿಗೆ ಒಂದೇ ಫೈಲ್ ಇಟ್ಟರೆ ಹೋಲಿಕೆ ಕಣ್ಣಿಗೆ ನಿಲುಕುವುದಿಲ್ಲ. ‘ಫೈಲ್’ ಮೆನುವಿನಲ್ಲಿ ‘ವರ್ಷನ್ಸ್’ ಎಂದಿದೆ. ಅಲ್ಲಿ ‘ಸೇವ್ ನ್ಯೂ ವರ್ಷನ್’ ಒತ್ತಿದರೆ ಆ ಹೊತ್ತಿನ ಬರಹ ಅದೇ ಫೈಲಿನೊಳಗೆ ದಿನಾಂಕ, ಸಮಯದ ಸಮೇತ ಕೂರುತ್ತದೆ. ಜೊತೆಗೆ ಒಂದು ಟಿಪ್ಪಣಿ ಬರೆಯಲು ಜಾಗ ಕೊಡುತ್ತದೆ. ಆಮೇಲೆ ಯಾವುದೇ ಹಳೆಯ ಆವೃತ್ತಿಯನ್ನು ಆರಿಸಿ ‘ಕಂಪೇರ್’ ಒತ್ತಿದರೆ, ಹೊಸದಾಗಿ ಸೇರಿದ್ದು ಬಣ್ಣದಲ್ಲಿಯೂ ಬಿಟ್ಟುಹೋದದ್ದು ಮೇಲೆ ಗೆರೆ ಹೊಡೆದೂ ಕಾಣುತ್ತದೆ. ಸ್ಕ್ರಿವ್ನರ್ ಬಳಸುವವರಿಗೆ ಇದೇ ಕೆಲಸಕ್ಕೆ ‘ಸ್ನ್ಯಾಪ್‌ಶಾಟ್’ ಇದೆ, ಗೂಗಲ್ ಡಾಕ್ಸ್‌ನಲ್ಲಿ ಆವೃತ್ತಿಗೆ ಹೆಸರಿಡುವ ಸೌಲಭ್ಯವಿದೆ. ಯಾವುದಾದರೂ ಆದೀತು. ಆದರೆ ರೈಟರ್‌ನಲ್ಲಿ ಹೋಲಿಕೆಯನ್ನು ಪದವಾರು ಇಟ್ಟುಕೊಳ್ಳಿ. ಅಕ್ಷರವಾರು ಇಟ್ಟು ನೋಡಿದಾಗ ನನಗೆ ಮೂಲಾಕ್ಷರ ಒಂದು ಕಡೆ, ಗುಣಿತದ ಚಿಹ್ನೆ ಇನ್ನೊಂದು ಕಡೆ ಒಡೆದು ಓದಲಾರದಂತಾಯಿತು.

ಈಗ ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ ಸಂಗತಿಗೆ ಬರುತ್ತೇನೆ. ಹೋಲಿಕೆಯನ್ನು ನೋಡುವಾಗ ಎಲ್ಲರ ಕಣ್ಣೂ ಬಣ್ಣದ ಮೇಲೆ ಹೋಗುತ್ತದೆ, ನನ್ನದೂ ಹೋಯಿತು. ಮೂರನೇ ದಿನ, ಯಾಂತ್ರಿಕ ಬದಲಾವಣೆಯ ಆವೃತ್ತಿಯನ್ನು ಮೂಲದೊಂದಿಗೆ ಇಟ್ಟು ನೋಡುತ್ತಿದ್ದಾಗ, ಆ ಬಣ್ಣಗಳ ನಡುವೆ ಕಪ್ಪಾಗಿಯೇ ಉಳಿದ ಸಾಲುಗಳು ಕಂಡವು. ಒಂದು ಸಾಲು ಹೀಗಿತ್ತು: ‘ಅಪ್ಪಯ್ಯ ಸಾಗರಕ್ಕೆ ಹೋದ ದಿನವೇ ಸರ್ವೆಯವರು ತೋಟಕ್ಕೆ ಬಂದಿದ್ದರು. ಗಡಿಯ ಮಾವಿನ ಮರಕ್ಕೆ ಸುಣ್ಣದ ಗುರುತು ಹಾಕಿ ಹೋದರು.’

ಇದರಲ್ಲಿ ‘ಅವಳು’ ಇಲ್ಲ, ಆದ್ದರಿಂದ ‘ನಾನು’ ಆಗುವ ಪ್ರಶ್ನೆಯೂ ಬರಲಿಲ್ಲ. ಆದರೆ ಆ ದಿನ ಗೌರಿ ಜ್ವರದಿಂದ ಒಳಗೆ ಮಲಗಿದ್ದಳು. ಅವಳು ಸರ್ವೆಯವರನ್ನು ನೋಡಿಲ್ಲ. ಹಿಂದಿನ ನಿರೂಪಕನಿಗೆ ಎಲ್ಲವೂ ಗೊತ್ತಿತ್ತು, ಅವನು ‘ಬಂದಿದ್ದರು’ ಎನ್ನಬಹುದಿತ್ತು. ಗೌರಿ ‘ಬಂದಿದ್ದರಂತೆ’ ಎನ್ನಬೇಕು. ‘ಗುರುತು ಹಾಕಿ ಹೋದರಂತೆ’ ಎನ್ನಬೇಕು. ಆ ಒಂದು ‘ಅಂತೆ’ಯಲ್ಲಿ ಜ್ವರ, ಮುಚ್ಚಿದ ಕದ, ಆಚೆ ಆಯಿ ಪಿಸುಮಾತಿನಲ್ಲಿ ಯಾರಿಗೋ ಹೇಳುತ್ತಿದ್ದುದು, ಎಲ್ಲವೂ ಬಂದುಬಿಡುತ್ತವೆ. ಕನ್ನಡದ ಈ ಸಣ್ಣ ಪ್ರತ್ಯಯಕ್ಕೆ ಎಷ್ಟು ಶಕ್ತಿಯಿದೆ ಎಂಬುದು ಅಷ್ಟು ವರ್ಷ ಬರೆದಿದ್ದರೂ ನನಗೆ ಹೊಳೆದಿರಲಿಲ್ಲ.

ಅಲ್ಲಿಂದ ಮುಂದೆ ಬಣ್ಣ ಬೀಳದ ಸಾಲುಗಳನ್ನೇ ಹುಡುಕಿಕೊಂಡು ಓದಿದೆ. ಅಪ್ಪಯ್ಯ ಸಾಗರದ ಪೇಟೆಯಲ್ಲಿ ನಿಂತು ಸಾಲದ ಲೆಕ್ಕ ಹಾಕುವ ಇಡೀ ಪ್ಯಾರಾ ಕಪ್ಪಾಗಿತ್ತು. ಗೌರಿಗೆ ಅದು ಗೊತ್ತಾಗಲು ದಾರಿಯೇ ಇಲ್ಲ. ಚೆನ್ನಾಗಿ ಬಂದಿದ್ದ ಪ್ಯಾರಾ ಅದು, ಕರುಳು ಕಿತ್ತು ಬಂದ ಹಾಗಾಯಿತು. ತೆಗೆದೆ. ಅದರ ಜಾಗದಲ್ಲಿ ಅಪ್ಪಯ್ಯ ರಾತ್ರಿ ಬಂದು ಜಗಲಿಯಲ್ಲಿ ಚಪ್ಪಲಿ ಬಿಡದೆ ಕುಳಿತ ಎರಡು ಸಾಲು ಬರೆದೆ. ಹಳೆಯ ಪ್ಯಾರಾ ಫೈಲಿನೊಳಗೆ ಭದ್ರವಾಗಿದೆ ಎಂಬ ಧೈರ್ಯವಿಲ್ಲದೆ ಇದ್ದರೆ ಅಷ್ಟನ್ನು ಹೊಡೆದುಹಾಕಲು ನನ್ನ ಕೈ ಏಳುತ್ತಿರಲಿಲ್ಲ. ಆವೃತ್ತಿಯ ಟಿಪ್ಪಣಿಯಲ್ಲಿ ಹೀಗೆ ಬರೆದಿಟ್ಟೆ: ‘ಅಪ್ಪಯ್ಯನ ಲೆಕ್ಕ ತೆಗೆದೆ. ಗೌರಿಗೆ ಗೊತ್ತಿಲ್ಲದ್ದು ಓದುಗರಿಗೂ ಗೊತ್ತಾಗಬಾರದು.’ ಏನು ಬದಲಾಯಿತು ಎಂದು ತಂತ್ರಾಂಶ ತಾನೇ ತೋರಿಸುತ್ತದೆ, ಏಕೆ ಎಂಬುದನ್ನು ನಾವೇ ಬರೆಯಬೇಕು. ‘ತಿದ್ದಿದ್ದು’, ‘ಹೊಸದು’ ಎಂಬ ಟಿಪ್ಪಣಿಗಳು ಮೂರು ತಿಂಗಳ ನಂತರ ಯಾವುದಕ್ಕೂ ಬಾರವು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ನನ್ನ ಮೊದಲ ಕರಡು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿತ್ತು, ಅದನ್ನು ಈಗ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ಗೆ ಪರಿವರ್ತಿಸದೆ ಹೋಲಿಸುವುದು ಸಾಧ್ಯವೇ ಇಲ್ಲ. ಪರಿವರ್ತಿಸಿದ ಮೇಲೂ ವಿಚಿತ್ರವೊಂದು ಉಳಿಯಿತು. ‘ತೋಟ’ ಎಂಬ ಪದಕ್ಕೆ ಅಲ್ಲಲ್ಲಿ ಬಣ್ಣ ಬೀಳುತ್ತಿತ್ತು. ಹಳೆಯದೂ ‘ತೋಟ’, ಹೊಸದೂ ‘ತೋಟ’. ಕನ್ನಡಕ ಒರೆಸಿಕೊಂಡು ನೋಡಿದರೂ ವ್ಯತ್ಯಾಸ ಕಾಣಲಿಲ್ಲ. ಕಾರಣ ಒಳಗಿತ್ತು: ಯೂನಿಕೋಡಿನಲ್ಲಿ ‘ತೋ’ವಿನ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಒಕಾರದ ಮೇಲೆ ದೀರ್ಘವನ್ನು ಪ್ರತ್ಯೇಕವಾಗಿ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಎರಡು. ‘ಜೀಪ್’ನಂಥ ವ್ಯಂಜನಾಂತ ಪದಗಳ ಕೊನೆಯಲ್ಲಿ, ಒತ್ತು ಬೀಳದಂತೆ ತಡೆಯಲು ಹಾಕುವ ಕಣ್ಣಿಗೆ ಕಾಣದ ಗುರುತೂ ಹೀಗೆಯೇ ಕಾಡಿಸಿತು. ಒಂದರಲ್ಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಈಗ ಹಳೆಯ ಫೈಲ್ ಕೈಗೆ ಬಂದರೆ ಮೊದಲು ಇವುಗಳನ್ನು ಹುಡುಕಿ ಒಂದೇ ಬಗೆಗೆ ತರುತ್ತೇನೆ, ಅದನ್ನೇ ಮೊದಲ ಆವೃತ್ತಿಯಾಗಿ ಉಳಿಸುತ್ತೇನೆ, ಆಮೇಲೆ ಕಥೆಗೆ ಕೈ ಹಾಕುತ್ತೇನೆ.

ಒಂದು ನಷ್ಟವನ್ನೂ ಹೇಳಿಬಿಡಬೇಕು. ಒಂಬತ್ತನೇ ಅಧ್ಯಾಯವನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವಾಗ ‘ಸೇವ್ ಆ್ಯಸ್’ ಒತ್ತಿ ಉಳಿಸಿದ್ದೆ. ಮಳೆಗಾಲದಲ್ಲಿ ಮನೆಯ ಕಂಪ್ಯೂಟರ್ ಕೆಟ್ಟಿತು. ಪೆನ್‌ಡ್ರೈವ್‌ನ ಪ್ರತಿಯನ್ನು ತೆರೆದರೆ ಬರಹವೇನೋ ಇತ್ತು, ಹನ್ನೊಂದು ಆವೃತ್ತಿಗಳಲ್ಲಿ ಒಂದೂ ಇರಲಿಲ್ಲ. ‘ಸೇವ್ ಆ್ಯಸ್’ ಮಾಡಿದ ಪ್ರತಿಗೆ ಹಳೆಯ ಆವೃತ್ತಿಗಳು ಹೋಗುವುದಿಲ್ಲ ಎಂದು ಸಹಾಯ ಪುಟದಲ್ಲಿಯೇ ಬರೆದಿದೆ, ನಾನು ಓದಿರಲಿಲ್ಲ. ಆ ಹನ್ನೊಂದರಲ್ಲಿ ಅಮ್ಮಮ್ಮ ದೇವರ ಕೋಣೆಯ ಹೊಸ್ತಿಲನ್ನು ಕೀಳಿಸಿ ಗಾಡಿಗೆ ಹೇರಿಸುವ ದೃಶ್ಯದ ಮೊದಲ ರೂಪವಿತ್ತು. ನೆನಪಿನಿಂದ ಮೂರು ಸಲ ಬರೆದೆ, ಆ ರೂಪ ಮತ್ತೆ ಸಿಗಲಿಲ್ಲ. ಈಗ ಪ್ರತಿ ಬೇಕಾದಾಗ ರೈಟರ್ ಮುಚ್ಚಿ, ಫೋಲ್ಡರಿನಲ್ಲಿ ಫೈಲನ್ನೇ ಕಾಪಿ ಮಾಡುತ್ತೇನೆ. ಆಗ ಒಳಗಿನ ಆವೃತ್ತಿಗಳೂ ಜೊತೆಗೆ ಬರುತ್ತವೆ. ಬೇರೆಯವರಿಗೆ ಓದಲು ಕೊಡುವಾಗ ಮಾತ್ರ ಬೇಕೆಂದೇ ‘ಸೇವ್ ಆ್ಯಸ್’ ಮಾಡುತ್ತೇನೆ, ನನ್ನ ಹಳೆಯ ತಪ್ಪುಗಳು ಅವರ ಕೈಗೆ ಹೋಗುವುದು ಬೇಡ.

ಕಳೆದ ತಿಂಗಳು ಏಳನೇ ಅಧ್ಯಾಯದ ಎರಡನೇ ಆವೃತ್ತಿಯನ್ನು ತೆರೆದು, ಕೊನೆಯದರ ಜೊತೆ ಹೋಲಿಸಿದೆ. ನೀರು ಅಡಿಕೆ ಮರದ ಬುಡಕ್ಕೆ ಬರುವ ಜಾಗದಲ್ಲಿ ಕೊನೆಯ ಕರಡು ಹೀಗಿದೆ: ‘ತಣ್ಣಗಿನ ಕೆಂಪು ನೀರು ಸದ್ದಿಲ್ಲದೆ ಮರಗಳ ಕಾಲು ಹಿಡಿದುಕೊಂಡಿತು.’ ಎರಡನೆಯದರಲ್ಲಿ ಇದ್ದದ್ದು: ‘ಬೆಳಿಗ್ಗೆ ನೋಡಿದರೆ ನೀರು ಬುಡಕ್ಕೆ ಬಂದಿತ್ತು.’ ಒಂಬತ್ತು ವರ್ಷದ ಹುಡುಗಿ ಹೇಳುವುದು ಎರಡನೆಯದನ್ನು. ಹಳೆಯ ಸಾಲನ್ನು ನಕಲಿಸಿ ಅಂಟಿಸಲಿಲ್ಲ, ಪ್ರತಿ ಅಕ್ಷರವನ್ನೂ ಮತ್ತೆ ಬೆರಳಚ್ಚು ಮಾಡಿ, ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ ‘ನೀರಿನ ಸಾಲು ಹಿಂದಕ್ಕೆ ತಂದೆ’ ಎಂದು ಬರೆದೆ.