ಪದ್ಮಿನಿಯ ಡಿಕ್ಕಿಗೆ ಗಾಳಿ ಮಿಷನ್ ಹುಡುಕಿದ್ದು

ಹಳೆ ಕಾರಿಗೆ ಗಾಳಿ ಹೊಡೆಯುವ ಮಿಷನ್ ಬೇಕು ಅಂತ ಇರುವವರು ಮೊದಲು ಬಾನೆಟ್ ಎತ್ತಿ ತಮ್ಮ ಗಾಡಿಯ ವಯರಿಂಗ್ ನೋಡಿ, ಮಿಷನ್ ಆಮೇಲೆ ನೋಡಿದರಾಯಿತು. ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಎಲ್ಲರೂ ತೋರಿಸುವುದು ಡಬ್ಬಿ ಮೇಲೆ ದೊಡ್ಡದಾಗಿ ಬರೆದ 150 ಪಿಎಸ್‌ಐ, ಅಂದರೆ ನಾವು ಪೌಂಡ್ ಅನ್ನುವ ಗಾಳಿ ಒತ್ತಡದ ಅಳತೆ. ನನ್ನದು 1978ರ ಪ್ರೀಮಿಯರ್ ಪದ್ಮಿನಿ, 5.20-14 ಸೈಜಿನ ಟ್ಯೂಬ್ ಟಯರ್. ಅದಕ್ಕೆ ನಾನು ಹಾಕುವುದೇ 24ರಿಂದ 26 ಪೌಂಡ್. 150 ಇಟ್ಟುಕೊಂಡು ಏನು ಮಾಡುವುದು ಹೇಳಿ?

ನನಗೆ ಇದು ಬೇಕೇ ಬೇಕು ಅನಿಸಲು ಕಾರಣ ಎರಡು. ಉಡುಪಿಯಿಂದ ಹೊರಟರೆ ನಮ್ಮ ದಾರಿಗಳೆಲ್ಲ ಘಾಟಿಗೇ ಹೋಗಿ ಮುಟ್ಟುತ್ತವೆ. ಆಗುಂಬೆ, ಚಾರ್ಮಾಡಿ, ಶಿರಾಡಿ ಯಾವುದಾದರೂ ಸರಿ, ಮಳೆಗಾಲದ ಸಂಜೆ ಅಲ್ಲಿ ಪಂಕ್ಚರ್ ಅಂಗಡಿ ಹುಡುಕುವುದು ಸುಲಭದ ಕೆಲಸ ಅಲ್ಲ. ಇನ್ನೊಂದು, ಪೆಟ್ರೋಲ್ ಬಂಕಿನಲ್ಲಿ ನಾವು ಬಾಯಿ ಬಿಡುವ ಮೊದಲೇ 32 ಹೊಡೆದು ಮುಗಿಸುತ್ತಾರೆ. ಹೊಸ ಕಾರುಗಳಿಗೆ ಅದು ಸರಿ ಇರಬಹುದು. ಪದ್ಮಿನಿಗೆ ಅಷ್ಟು ತುಂಬಿದರೆ ರಸ್ತೆಯ ಪ್ರತಿ ಹೊಂಡವೂ ಬೆನ್ನಿಗೆ ಗೊತ್ತಾಗುತ್ತದೆ, ಸ್ಟೇರಿಂಗ್ ಕೂಡ ನಿಲ್ಲುವುದಿಲ್ಲ.

ಈಗ ವಯರಿಂಗ್ ವಿಷಯ. 12 ವೋಲ್ಟಿನ ಸಾಮಾನ್ಯ ಮಿಷನ್ 10 ಆಂಪಿಯರ್ ಎಳೆಯುತ್ತದೆ, ಸ್ವಲ್ಪ ದೊಡ್ಡದು 15 ಎಳೆಯುತ್ತದೆ. ನನ್ನ ಗಾಡಿಯ ಫ್ಯೂಸ್‌ಗಳು 8 ಆಂಪಿಯರ್‌ನವು. ನಮ್ಮಲ್ಲಿ ತುಂಬಾ ಜನ ಮೊಬೈಲ್ ಚಾರ್ಜ್ ಮಾಡಲಿಕ್ಕೆ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಸಾಕೆಟ್ ಹಾಕಿಸಿಕೊಂಡಿರುತ್ತಾರೆ, ಅದರ ವಯರ್ ನೂಲಿನಷ್ಟು ತೆಳು. ಅದಕ್ಕೆ ಗಾಳಿ ಮಿಷನ್ ಚುಚ್ಚಿದರೆ ಒಂದೋ ಫ್ಯೂಸ್ ಹೋಗುತ್ತದೆ, ಅಥವಾ ಫ್ಯೂಸ್ ಬದಲು ಯಾರೋ ತಂತಿ ಸುತ್ತಿಟ್ಟಿದ್ದರೆ ವಯರೇ ಕಾಯುತ್ತದೆ. ಎರಡನೆಯದು ನಿಜಕ್ಕೂ ಅಪಾಯ. ನಲವತ್ತು ವರ್ಷ ದಾಟಿದ ವಯರಿನ ಮೇಲಿನ ಪ್ಲಾಸ್ಟಿಕ್ ಬಗ್ಗಿಸಿದರೆ ಪುಡಿಪುಡಿ ಆಗುತ್ತದೆ, ಅದನ್ನು ಬಿಸಿ ಮಾಡಲೇಬಾರದು. ಹಾಗಾಗಿ ಸಾಕೆಟ್ ಮಾತ್ರ ಇರುವ ಮಿಷನ್‌ಗಳನ್ನೆಲ್ಲ ಪಕ್ಕಕ್ಕಿಟ್ಟು, ಬ್ಯಾಟರಿಗೆ ನೇರ ಕಚ್ಚಿಸುವ ಕ್ಲಿಪ್ ಇರುವವನ್ನೇ ನೋಡಿದೆ.

ಬ್ಯಾಟರಿ ಇಳಿದುಹೋಗುತ್ತದಲ್ವಾ ಅಂತ ಕೇಳುತ್ತಾರೆ. ಲೆಕ್ಕ ಹಾಕಿ. 10 ಆಂಪಿಯರ್‌ನಂತೆ 5 ನಿಮಿಷ ಓಡಿದರೆ ಒಂದು ಆಂಪಿಯರ್-ಅವರ್ ಕೂಡ ಆಗುವುದಿಲ್ಲ, ಬ್ಯಾಟರಿಯಲ್ಲಿ 35ರ ಮೇಲೆ ಇರುತ್ತದೆ. ಆದರೂ ನಾನು ಇಂಜಿನ್ ಚಾಲೂ ಇಟ್ಟೇ ಹೊಡೆಯುತ್ತೇನೆ, ವೋಲ್ಟೇಜ್ ಚೆನ್ನಾಗಿದ್ದರೆ ಮಿಷನ್ ಚುರುಕಾಗಿ ಓಡುತ್ತದೆ. ಬ್ಯಾಟರಿ ಚಾರ್ಜ್ ಮಾಡಲು ಹಳೆ ಕಾಲದ ಡೈನಮೋ ಇರುವ ಗಾಡಿಯಾದರೆ ಐಡ್ಲಿಂಗ್‌ನಲ್ಲಿ ಅದು ಹೆಚ್ಚೇನೂ ಕೊಡುವುದಿಲ್ಲ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಲು ಒಬ್ಬರು ಬೇಕು. ಮನೆಯವಳು ಜೊತೆಗಿದ್ದರೆ ಆ ಕೆಲಸ ಅವಳದು.

ಚಾರ್ಜ್ ಮಾಡಿ ಇಡುವ ಪುಟ್ಟ ಮಿಷನ್‌ಗಳೂ ಈಗ ಬೇಕಾದಷ್ಟು ಉಂಟು. ಮಣಿಪಾಲದಲ್ಲಿರುವ ಭಾವನ ಹತ್ತಿರ ಒಂದು ಇತ್ತು, ತಂದು ನೋಡಿದೆ. ಕೈಯಲ್ಲಿ ಹಿಡಿಯಲು ಚಂದ, ವಯರಿನ ರಗಳೆ ಇಲ್ಲ, ಟಯರಿಗೆ ನಾಲ್ಕೈದು ಪೌಂಡ್ ಕಮ್ಮಿ ಇದ್ದರೆ ಅದೇ ಸಾಕು. ಆದರೆ ನನ್ನ ಗಾಡಿ ಹೊರಗೆ ಬರುವುದೇ ಅಪರೂಪಕ್ಕೆ. ತಿಂಗಳುಗಟ್ಟಲೆ ಡಿಕ್ಕಿಯಲ್ಲಿ ಬಿದ್ದಿರುವ ಲಿಥಿಯಂ ಬ್ಯಾಟರಿ ಬೇಕಾದ ದಿನ ಖಾಲಿ ಇದ್ದರೆ ಯಾರನ್ನು ಕೇಳುವುದು? ಮೇಲಿಂದ ಏಪ್ರಿಲ್, ಮೇ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗಿನ ಸೆಕೆ ಅಂಥ ಬ್ಯಾಟರಿಗೆ ಒಳ್ಳೆಯದಲ್ಲ. ದಿನಾ ಓಡಿಸುವ ಕಾರಿಗೆ ನಾನೇ ಅದನ್ನು ತಗೊಳ್ಳಿ ಅನ್ನುತ್ತೇನೆ, ಪದ್ಮಿನಿಗೆ ಬೇಡ.

ಬೇರೆ ಗಾಡಿ ಇರುವವರಿಗೆ ಇದು ತಿರುಗುಮುರುಗು ಆಗಬಹುದು. ಹಳೆ ಬೀಟಲ್‌ಗಳಲ್ಲಿ 6 ವೋಲ್ಟ್ ಇರುವವು ಉಂಟು, ಅವರಿಗೆ ಚಾರ್ಜ್ ಮಾಡಿ ಇಡುವ ಮಿಷನ್ನೇ ಸರಿ, ಇಲ್ಲದಿದ್ದರೆ ಕಾಲಿನ ಪಂಪು. ಹಳೆ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನು ಕಾರಿನ ಕಬ್ಬಿಣದ ಮೈಗೆ ಕೊಟ್ಟಿರುತ್ತಾರೆ. ಜೆಪ್ಪುವಿನ ಸ್ನೇಹಿತರೊಬ್ಬರ ಮಾರಿಸ್ ಹಾಗೆಯೇ. ಅಂಥದ್ದರಲ್ಲಿ ಕೆಂಪು ಕ್ಲಿಪ್ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಬ್ಯಾಟರಿಯ ಮೈನಸ್ಸಿಗೇ ಕಚ್ಚಿಸಬೇಕು. ಕಪ್ಪನ್ನು ಅಭ್ಯಾಸಬಲದಿಂದ ಕಾರಿನ ಮೈಗೆ ಕಚ್ಚಿಸಬೇಡಿ. ಮಿಷನ್ನಿನ ಕಬ್ಬಿಣದ ಮೈ ಕಾರಿಗೆ ತಾಗದ ಹಾಗೆ ನೆಲದ ಮೇಲೆ ರಬ್ಬರ್ ಮ್ಯಾಟ್ ಹಾಕಿ ಇಡಿ.

ಆಮೇಲೆ ಉದ್ದ. ಇದನ್ನು ಯಾರೂ ಹೇಳುವುದಿಲ್ಲ. ಬ್ಯಾಟರಿ ಬಾನೆಟ್ ಕೆಳಗೆ, ಗಾಳಿ ಬೇಕಾಗಿರುವುದು ಹಿಂದಿನ ಚಕ್ರಕ್ಕೆ. ನಾನು ಮನೆಯಲ್ಲಿ ಒಂದು ಹಗ್ಗ ತಗೊಂಡು ಬ್ಯಾಟರಿಯಿಂದ ಫೆಂಡರ್ ಸುತ್ತಿಸಿ, ದೂರದ ಹಿಂದಿನ ಚಕ್ರದ ವಾಲ್‌ವರೆಗೆ ಎಳೆದು ಗಂಟು ಹಾಕಿದೆ. ಆ ಹಗ್ಗವನ್ನೇ ಮಂಗಳೂರಿಗೆ ತೆಗೆದುಕೊಂಡು ಹೋಗಿ ಅಂಗಡಿಯಲ್ಲಿ ಮಿಷನ್ನಿನ ವಯರು ಮತ್ತು ಪೈಪಿನ ಪಕ್ಕ ಹಿಡಿದು ನೋಡಿದೆ. ಮೂರು ಮೀಟರ್ ವಯರಿನವು ಅಲ್ಲೇ ಬಿದ್ದುಹೋದವು. ಸಣ್ಣ ವಯರಿಗೆ ಇನ್ನೊಂದು ತೆಳು ವಯರ್ ಜೋಡಿಸುವ ಉಪಾಯ ಬೇಡ, ಕರೆಂಟು ದಾರಿಯಲ್ಲೇ ಸೋತು ಮಿಷನ್ ನಿಧಾನ ಆಗುತ್ತದೆ.

ಗಾಳಿ ಪೈಪಿನ ತುದಿಯ ಬಗ್ಗೆ ನನಗೆ ತಿಳಿಸಿಕೊಟ್ಟದ್ದು ಬಿ.ಸಿ. ರೋಡಿನ ಒಬ್ಬರು ಪಂಕ್ಚರ್ ಅಂಗಡಿಯವರು. ಪದ್ಮಿನಿಯ ಕಬ್ಬಿಣದ ರಿಮ್ಮಿನಲ್ಲಿ ವಾಲ್ ಗಿಡ್ಡ, ಪಕ್ಕದಲ್ಲೇ ವೀಲ್ ಕಪ್ಪಿನ ಅಂಚು. “ಇದಕ್ಕೆ ತಿರುಗಿಸುವ ಜಾತಿಯದ್ದೇ ಆಗ್ಬೇಕು ಮಾರಾಯ್ರೆ, ಕ್ಲಿಪ್ಪಿನದ್ದು ಹಾಕ್ಲಿಕ್ಕೆ ಬೆರಳು ಹೋಗುವುದಿಲ್ಲ ಇಲ್ಲಿ” ಅಂದರು. ಸರಿಯೇ. ಲಿವರ್ ಒತ್ತಿ ಕೂರಿಸುವಾಗ ಟ್ಯೂಬಿನ ವಾಲ್ ಓರೆಯಾಗಿ ಎಳೆದುಕೊಳ್ಳುತ್ತದೆ, ಬುಡದಲ್ಲಿ ರಬ್ಬರ್ ಹರಿದರೆ ಆ ಟ್ಯೂಬ್ ಮುಗಿಯಿತು. ಹಿತ್ತಾಳೆಯ ತಿರುಪಿನದ್ದು ನೆಟ್ಟಗೆ ಕೂರುತ್ತದೆ. ಬಿಚ್ಚುವಾಗ ಮಾತ್ರ ಸುಯ್ ಅಂತ ಸ್ವಲ್ಪ ಗಾಳಿ ಹೋಗುತ್ತದೆ, ಅದಕ್ಕೆ ಒಂದೆರಡು ಪೌಂಡ್ ಜಾಸ್ತಿ ಹೊಡೆದು ಬೇಗ ಬೇಗ ತಿರುಗಿಸಿ ಬಿಚ್ಚಿ, ಬೇರೆ ಗೇಜಿನಲ್ಲಿ ನೋಡುತ್ತೇನೆ. ಮಿಷನ್ನಿನ ಮುಳ್ಳನ್ನು ನಾನು ನಂಬುವುದಿಲ್ಲ, ಅದು ಓಡುತ್ತಿರುವಾಗ ಪೈಪಿನೊಳಗಿನ ಒತ್ತಡವನ್ನೂ ಸೇರಿಸಿ ತೋರಿಸುತ್ತದೆ. ಪೆನ್ನಿನ ಹಾಗಿರುವ ಒಂದು ಗೇಜು ಯಾವಾಗಲೂ ಗ್ಲೋವ್ ಬಾಕ್ಸಿನಲ್ಲಿ ಇರುತ್ತದೆ. ಬಾರ್‌ನಲ್ಲಿ ತೋರಿಸುವ ಗೇಜಾದರೆ 1 ಬಾರ್ ಅಂದರೆ 14.5 ಪೌಂಡ್ ಅಂತ ನೆನಪಿಡಿ.

ಕೊನೆಗೆ ತಗೊಂಡದ್ದು ಕಬ್ಬಿಣದ ಮೈಯ, ಬ್ಯಾಟರಿಗೆ ಕಚ್ಚಿಸುವ ಕ್ಲಿಪ್ಪಿನ, ಮುಳ್ಳಿನ ಗೇಜಿನ ಮಿಷನ್. ಶಬ್ದ ಜೋರು. ಸತತ ಹತ್ತು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ ಅಂತ ಅದರಲ್ಲೇ ಬರೆದಿದೆ, ಪದ್ಮಿನಿಯ ಟಯರಿಗೆ ಅಷ್ಟು ಹೊತ್ತು ಬೇಕಾಗುವುದೂ ಇಲ್ಲ.

ಒಂದು ಮಾತ್ರ ಗೊತ್ತಿರಲಿ. ಟ್ಯೂಬ್ ಟಯರಿಗೆ ಮೊಳೆ ಹೊಕ್ಕರೆ ಈ ಮಿಷನ್ ಉಳಿಸುವುದಿಲ್ಲ, ಗಾಳಿ ಒಂದೇ ಸಲಕ್ಕೆ ಹೋಗುತ್ತದೆ. ಸ್ಟೆಪ್ನಿಯೇ ಗತಿ. ಗಾಳಿ ಇಲ್ಲದೆ ಅಂಗಡಿವರೆಗೆ ಉರುಳಿಸಿಕೊಂಡು ಹೋದರೆ ಟ್ಯೂಬ್ ಒಳಗೆ ಜಾರಿ ವಾಲ್ ಕಿತ್ತು ಬರುತ್ತದೆ. ಮಿಷನ್ ಕೆಲಸಕ್ಕೆ ಬರುವುದು ವಾಲ್ ಒಳಗೆ ಗಾಳಿ ತಡೆಯುವ ಪಿನ್ನಿನ ಲೀಕಿಗೆ, ನಿಂತು ನಿಂತು ಇಳಿದ ಟಯರಿಗೆ, ಮತ್ತೆ ಮುಖ್ಯವಾಗಿ ಯಾರೂ ನೋಡದೆ ಬಿಟ್ಟ ಸ್ಟೆಪ್ನಿಗೆ. ನಾನು ಸ್ಟೆಪ್ನಿಗೆ 30 ಹೊಡೆದಿಡುತ್ತೇನೆ, ಹಾಕುವಾಗ ಇಳಿಸಿದರಾಯಿತು.

ಇನ್ನು ನಮ್ಮ ಕಡಲ ಕರೆಯ ಗಾಳಿಗೆ ತಾಮ್ರದ ಕ್ಲಿಪ್ಪು ಹಸಿರುಗಟ್ಟಲು ಒಂದು ಮಳೆಗಾಲ ಸಾಕು. ಕ್ಲಿಪ್ಪಿನ ಹಲ್ಲಿಗೆ ತೆಳ್ಳಗೆ ವ್ಯಾಸಲಿನ್ ಸವರಿ, ಮಿಷನ್ನನ್ನು ಮುಚ್ಚಳ ಗಟ್ಟಿ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅದರ ಜೊತೆಗೆ ಎರಡು ವಾಲ್ ಪಿನ್, ಪಿನ್ ತಿರುಗಿಸುವ ಟೂಲ್, ಒಂದು ಟಾರ್ಚ್.